ಬ್ರೀದರ್ ಪೈಪಿನಿಂದ ಆಯಿಲ್: ಬೋರ್ ಬಿಚ್ಚಿಸುವ ಮೊದಲು
ವಿಜಯಪುರದ ಧೂಳಿನಲ್ಲಿ ಓಡುವ 100 ಸಿಸಿ ಗಾಡಿ. ಎಂಜಿನ್ ಒಳಗಿನ ಗಾಳಿಯನ್ನು ಏರ್ ಫಿಲ್ಟರ್ ಡಬ್ಬಿಗೆ ಬಿಡುವ ಬ್ರೀದರ್ ಪೈಪಿನಿಂದ ಬಂದ ಆಯಿಲ್ ಆ ಡಬ್ಬಿಯ ತಳದಲ್ಲಿ, ಫಿಲ್ಟರ್ ಒದ್ದೆ. ಹೀಗಾದರೆ ಎಲ್ಲರೂ ಹೇಳುವುದು ಒಂದೇ, ಪಿಸ್ಟನ್ ರಿಂಗ್ ಹೋಗಿದೆ, ಬೋರ್ (ಸಿಲಿಂಡರ್) ಬಿಚ್ಚಿಸಿ. ಅವಸರ ಬೇಡ.

ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ 3 ನಿಮಿಷ ಓಡಿಸಿ, ಆರಿಸಿ 3 ನಿಮಿಷ ಬಿಟ್ಟು, ಒರೆಸಿದ ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಇಳಿಸಿದೆ. ಆಯಿಲ್ ಮೇಲಿನ ಗೆರೆ ದಾಟಿತ್ತು. ಒಂದು ಲೀಟರ್ ಡಬ್ಬಿ ಪೂರ್ತಿ ಸುರಿದದ್ದೇ ತಪ್ಪು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ (ಎಂಜಿನ್ ಒಳಗೆ ತಿರುಗುವ ದಂಡ) ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ಎದ್ದ ನೊರೆ ಬ್ರೀದರ್ ಹಿಡಿದು ಮೇಲೇರುತ್ತದೆ.

ಸಿರಿಂಜಿಗೆ ಸಲೈನ್ ಪೈಪ್ ಸಿಕ್ಕಿಸಿ ಸುಮಾರು 150 ಮಿ.ಲೀ. ಹೀರಿ ತೆಗೆದೆ. ಬ್ರೀದರ್ ಪೈಪನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಫಿಲ್ಟರ್ ಬದಲಿಸಿದೆ. 200 ಕಿ.ಮೀ. ಓಡಿದ ಮೇಲೂ ಫಿಲ್ಟರ್ ಡಬ್ಬಿ ಒಣಗಿಯೇ ಇತ್ತು.

ಮಟ್ಟ ಸರಿಯಿದ್ದೂ ಆಯಿಲ್ ಬಂದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಗೇಜಿನಿಂದ ಅಳೆಯಿರಿ. ಪ್ಲಗ್ ತೂತಿಗೆ 5 ಮಿ.ಲೀ. ಆಯಿಲ್ ಬಿಟ್ಟು ಮತ್ತೆ ಅಳೆದಾಗ ಗೇಜಿನ ಮುಳ್ಳು ಚೆನ್ನಾಗಿ ಏರಿದರೆ, ಆಯಿಲ್ ರಿಂಗಿನ ಸಂದು ಮುಚ್ಚಿದೆ ಎಂದರ್ಥ; ಆಗ ರಿಂಗ್, ಬೋರ್ ಮಾತು.