ಭಾರ ಎತ್ತುವ ಮುಂಚೆ ಕಾಫಿ: ಎಷ್ಟು ಕುಡಿಯಬೇಕು, ಯಾವಾಗ ಕುಡಿಯಬಾರದು

ಮೊದಲು ಅಡುಗೆಮನೆಗೆ ಹೋಗಿ ಕಾಫಿಪುಡಿ ಪೊಟ್ಟಣ ತಿರುಗಿಸಿ ನೋಡಿ. ಚಿಕೋರಿ ಎಷ್ಟು ಪರ್ಸೆಂಟ್ ಅಂತ ಅದರ ಮೇಲೆ ಬರೆದಿರುತ್ತದೆ. ಜಿಮ್‌ಗೆ ಮುಂಚೆ ಕಾಫಿ ಕುಡಿಯುವವರಿಗೆ ಈ ಒಂದು ಸಂಖ್ಯೆ ಬಹಳ ಮುಖ್ಯ, ಯಾಕೆಂದರೆ ಕಾಫಿಗೆ ಚುರುಕು ಕೊಡುವ ಕೆಫೀನ್ ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಬಣ್ಣ ಕೊಡುತ್ತದೆ, ಕಹಿ ಕೊಡುತ್ತದೆ, ಡಿಕಾಕ್ಷನ್ ಗಟ್ಟಿ ಕಾಣುವ ಹಾಗೆ ಮಾಡುತ್ತದೆ, ಅಷ್ಟೇ.

ಮೈಸೂರಿನಲ್ಲಿ ಬೆಳಗಿನ ಜಾವ ಜಿಮ್‌ಗೆ ಹೋಗುವ ಎಷ್ಟೋ ಜನ ಒಂದು ಲೋಟ ಕಾಫಿ ಕುಡಿದೇ ಗಾಡಿ ಸ್ಟಾರ್ಟ್ ಮಾಡುವುದು. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ, ಎಷ್ಟು ಕುಡಿಯುತ್ತಿದ್ದೇನೆ ಅಂತ ಒಂದು ದಿನವೂ ಲೆಕ್ಕ ಹಾಕದೆ. ಲೆಕ್ಕ ಹಾಕಿದ ಮೇಲೆಯೇ ನನಗೆ ಅದರ ನಿಜವಾದ ಉಪಯೋಗ ಗೊತ್ತಾಗಿದ್ದು.

ಕೆಫೀನ್ ಮಾಡುವ ಕೆಲಸ ಸರಳ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ, ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ನಮಗೆ ದಣಿವು ಅನಿಸುತ್ತದೆ. ಮಂಡ್ಯ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಕೆಫೀನ್ ಹಾಗೆ ಆ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ದಣಿವು ಎಲ್ಲಿಗೂ ಹೋಗಿರುವುದಿಲ್ಲ, ನಮಗೆ ಗೊತ್ತಾಗುವುದು ಕಡಿಮೆ ಆಗಿರುತ್ತದೆ. ಹಾಗಾಗಿ ಎಂಟು ರೆಪ್ಸ್‌ಗೆ, ಅಂದರೆ ಎಂಟು ಸಲ ಎತ್ತಿ, ನಿಲ್ಲುವ ಸೆಟ್ ಒಂಬತ್ತಕ್ಕೆ ಹೋಗಬಹುದು, ಬಾರ್ ಸ್ವಲ್ಪ ಚುರುಕಾಗಿ ಮೇಲೇಳುತ್ತದೆ. ಒಂದೇ ಸಲ ಎತ್ತುವ ಗರಿಷ್ಠ ಭಾರದಲ್ಲೂ ಲಾಭ ಇದೆ, ಆದರೆ ಸಣ್ಣದು. ನೂರು ಕೆಜಿ ಸ್ಕ್ವಾಟ್ (ಭಾರ ಹೊತ್ತು ಬಸ್ಕಿ) ಮಾಡುವವರು ಎರಡು ಮೂರು ಕೆಜಿ ಜಾಸ್ತಿ ಎತ್ತಿದರೆ ಅದೇ ದೊಡ್ಡದು ಅಂತ ಇಟ್ಟುಕೊಳ್ಳಿ.

ಈಗ ಲೆಕ್ಕ. ಸಂಶೋಧನೆಗಳಲ್ಲಿ ಸಾಮಾನ್ಯವಾಗಿ ಕೊಡುವ ಪ್ರಮಾಣ ದೇಹದ ತೂಕದ ಪ್ರತಿ ಕೆಜಿಗೆ 3ರಿಂದ 6 ಮಿಲಿಗ್ರಾಂ, ಕೆಲವರಿಗೆ 2 ಮಿಲಿಗ್ರಾಂ ಕೂಡ ಸಾಕಾಗುತ್ತದೆ. ನಿಮ್ಮ ತೂಕ 70 ಕೆಜಿ ಇದ್ದರೆ 140ರಿಂದ 210 ಮಿಲಿಗ್ರಾಂ ಸಾಕು. 6ರ ಲೆಕ್ಕಕ್ಕೆ ಹೋದರೆ 420 ಆಗುತ್ತದೆ, ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 400 ಮಿಲಿಗ್ರಾಂ. ಅಷ್ಟು ದೂರ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇದನ್ನು ಲೋಟಕ್ಕೆ ಇಳಿಸೋಣ. ಒಂದು ಗ್ರಾಂ ಅರೇಬಿಕಾ ಪುಡಿಯಲ್ಲಿ ಸುಮಾರು 12 ಮಿಲಿಗ್ರಾಂ ಕೆಫೀನ್ ಇರುತ್ತದೆ, ರೊಬಸ್ಟಾದಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು. ಕಾಫಿ ವರ್ಕ್ಸ್‌ನಲ್ಲಿ ಬೀಜ ಪುಡಿ ಮಾಡಿಸುವವರಾದರೆ ಯಾವುದು ಎಷ್ಟು ಹಾಕುತ್ತಾರೆ ಅಂತ ಕೇಳಿ, ಹೇಳುತ್ತಾರೆ. ನಮ್ಮ ಮನೆಯದು ಅರ್ಧ ಅರೇಬಿಕಾ, ಅರ್ಧ ರೊಬಸ್ಟಾ, ಅದಕ್ಕೆ 30 ಪರ್ಸೆಂಟ್ ಚಿಕೋರಿ. 10 ಗ್ರಾಂ ಪುಡಿ ಫಿಲ್ಟರ್‌ಗೆ ಹಾಕಿದರೆ ಅದರಲ್ಲಿ ಕಾಫಿ 7 ಗ್ರಾಂ ಮಾತ್ರ. ಪೂರ್ತಿ ಡಿಕಾಕ್ಷನ್‌ಗೆ ಇಳಿಯುವುದಿಲ್ಲ ಅಂತ ಸ್ವಲ್ಪ ಬಿಟ್ಟರೂ ಲೋಟಕ್ಕೆ ನೂರು ಮಿಲಿಗ್ರಾಂ ಹತ್ತಿರ ಬರುತ್ತದೆ. ಅಂದರೆ 70 ಕೆಜಿ ತೂಗುವ ನನಗೆ 15ರಿಂದ 20 ಗ್ರಾಂ ಪುಡಿಯ ಡಿಕಾಕ್ಷನ್ ಸರಿಹೋಗುತ್ತದೆ. ಅದನ್ನೇ ಬರೀ ಅರೇಬಿಕಾದಲ್ಲಿ ಮಾಡಿದರೆ ಜಾಸ್ತಿ ಪುಡಿ ಬೇಕು. ಅಡುಗೆ ತಕ್ಕಡಿ ಇದ್ದರೆ ಒಂದು ಸಲ ತೂಗಿ ನೋಡಿ, ಆಮೇಲೆ ನಿಮ್ಮ ಮನೆ ಚಮಚವೇ ಅಳತೆ ಆಗುತ್ತದೆ. ಹಾಲು ಹಾಕಿದರೆ ಕೆಫೀನ್ ಕಡಿಮೆ ಆಗುವುದಿಲ್ಲ, ಚಿಂತೆ ಬೇಡ. ಹೋಟೆಲ್ಲಿನ ಬೈಟು ಕಾಫಿಯನ್ನು ಮಾತ್ರ ಲೆಕ್ಕಕ್ಕೆ ನಂಬಬೇಡಿ, ಡಿಕಾಕ್ಷನ್ ಇವತ್ತು ಹಾಕಿದಷ್ಟೇ ನಾಳೆ ಹಾಕುವುದಿಲ್ಲ.

ಕುಡಿದು 45 ನಿಮಿಷದಿಂದ ಒಂದು ಗಂಟೆಯೊಳಗೆ ಕೆಫೀನ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರಿರುತ್ತದೆ. ಜಿಮ್ 6 ಗಂಟೆಗೆ ಅಂದರೆ 5:15ಕ್ಕೆ ಕುಡಿಯಿರಿ. ವಾರ್ಮ್‌ಅಪ್ ಮುಗಿದು ಭಾರದ ಸೆಟ್‌ಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಕೆಲಸ ಮಾಡುತ್ತದೆ. ಖಾಲಿ ಹೊಟ್ಟೆಗೆ ಎದೆ ಉರಿ ಬರುವವರು ಒಂದು ಬಾಳೆಹಣ್ಣು ತಿಂದು ಕುಡಿಯಿರಿ.

ದಿನಾ ಬೇಕಾಗಿಲ್ಲ. ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಇರುವ ದಿನಕ್ಕೆ ಇಟ್ಟುಕೊಳ್ಳಿ, ಕೈ ಭುಜದ ಹಗುರ ದಿನಗಳಲ್ಲಿ ಸುಮ್ನೆ ಮಾಮೂಲಿ ಅರ್ಧ ಲೋಟ ಕುಡಿದು ಹೋಗಿ. ಶುರು ಮಾಡುವವರು ಕೆಜಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ವಾರ ನೋಡಿ, ಎತ್ತಿದ ಭಾರ, ರೆಪ್ಸ್, ಆ ರಾತ್ರಿಯ ನಿದ್ದೆ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಕೈ ನಡುಗಿದರೆ, ಎದೆ ಡವಡವ ಅಂದರೆ ಪ್ರಮಾಣ ಇಳಿಸಿ. ಕೆಫೀನ್ ಕರಗಿಸುವ ಶಕ್ತಿ ಎಲ್ಲರ ಲಿವರ್‌ಗೂ ಒಂದೇ ಥರ ಇರುವುದಿಲ್ಲ, ಗೆಳೆಯನಿಗೆ ಒಗ್ಗಿದ್ದು ನಿಮಗೆ ಒಗ್ಗಬೇಕು ಅಂತ ಇಲ್ಲ. ದಿನಾ ಕುಡಿಯುವ ಅಭ್ಯಾಸ ಇರುವವರು ಒಮ್ಮೆಲೇ ಬಿಡಬೇಡಿ, ಒಂದು ದಿನದೊಳಗೆ ತಲೆನೋವು ಶುರುವಾಗುತ್ತದೆ.

ದಸರಾ ಕುಸ್ತಿಗೆ ಗರಡಿ ಮನೆಯಲ್ಲಿ ತಯಾರಾಗುವ ಹುಡುಗನೊಬ್ಬ ಇದು ಡೋಪಿಂಗ್ ಅಲ್ವಾ ಅಣ್ಣ ಅಂತ ಕೇಳಿದ. ಅಲ್ಲ. 2004ರಿಂದ ಕೆಫೀನ್ ನಿಷೇಧಿತ ಪಟ್ಟಿಯಲ್ಲಿ ಇಲ್ಲ, ಕ್ರೀಡೆಯಲ್ಲಿ ಡೋಪಿಂಗ್ ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ವಾಡಾ ಅದರ ಬಳಕೆ ಮೇಲೆ ಕಣ್ಣಿಟ್ಟಿದೆ ಅಷ್ಟೇ.

ಇನ್ನು ಕೆಫೀನ್ ಕೊಬ್ಬು ಕರಗಿಸುತ್ತದೆ ಅನ್ನುವ ಮಾತು. ಇದನ್ನು ನಂಬಿ ದುಡ್ಡು ಕಳೆದುಕೊಳ್ಳುವವರನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಕೆಫೀನ್‌ನಿಂದ ಚಯಾಪಚಯ ಏರುವುದು ನಿಜ. 100 ಮಿಲಿಗ್ರಾಂ ತೆಗೆದುಕೊಂಡರೆ ಸುಮ್ಮನೆ ಕೂತಾಗ ದೇಹ ಸುಡುವ ಕ್ಯಾಲೊರಿ ಎರಡೂವರೆ ಗಂಟೆ ಕಾಲ 3-4 ಪರ್ಸೆಂಟ್ ಜಾಸ್ತಿ ಆಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ದಿನಕ್ಕೆ 1600 ಕ್ಯಾಲೊರಿ ಸುಡುವ ದೇಹ ಎರಡೂವರೆ ಗಂಟೆಯಲ್ಲಿ ಸುಡುವುದು ಸುಮಾರು 167, ಅದರ 4 ಪರ್ಸೆಂಟ್ ಅಂದರೆ 7 ಕ್ಯಾಲೊರಿ ಕೂಡ ಇಲ್ಲ. ಅದೇ ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯಲ್ಲಿ 20 ಇದೆ! ಫ್ಯಾಟ್ ಬರ್ನರ್ ಡಬ್ಬದ ದುಡ್ಡಿಗೆ ಮೊಟ್ಟೆ, ಕಡಲೆಕಾಳು ತನ್ನಿ.

ಸಂಜೆ ಜಿಮ್‌ಗೆ ಹೋಗುವವರು ಇದನ್ನು ಗಮನವಿಟ್ಟು ಓದಿ. ಹಿಂದೆ ಒಮ್ಮೆ ಕೆಲಸ ಮುಗಿಸಿ ಸುಸ್ತಾಗಿ ಹೋಗಿದ್ದಾಗ, 7 ಗಂಟೆಗೆ 300 ಮಿಲಿಗ್ರಾಂ ಕೆಫೀನ್ ಇರುವ ಪ್ರಿ-ವರ್ಕೌಟ್ (ಜಿಮ್‌ಗೆ ಮುಂಚೆ ನೀರಿಗೆ ಬೆರೆಸಿ ಕುಡಿಯುವ ಪುಡಿ) ಒಂದು ಸ್ಕೂಪ್ ಕುಡಿದೆ. ಆ ಸಂಜೆ ಚೆನ್ನಾಗಿಯೇ ಎತ್ತಿದೆ. ಆದರೆ ದೇಹದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು, ಹಾಗಾಗಿ ರಾತ್ರಿ 12ಕ್ಕೂ ನನ್ನೊಳಗೆ 150 ಮಿಲಿಗ್ರಾಂ, ಅಂದರೆ ಒಂದೂವರೆ ಲೋಟ ಗಟ್ಟಿ ಕಾಫಿ ಇತ್ತು. ಎರಡು ಗಂಟೆಯವರೆಗೂ ಫ್ಯಾನ್ ನೋಡುತ್ತಾ ಮಲಗಿದ್ದೆ. ಇದನ್ನೇ ವಾರಕ್ಕೆ ಮೂರು ಸಲ ಮಾಡಿ, ಮರುದಿನದ ಸುಸ್ತಿಗೆ ಮತ್ತೊಂದು ಸ್ಕೂಪ್ ಹಾಕಿ, ಎರಡು ತಿಂಗಳಲ್ಲಿ ನನ್ನ ಡೆಡ್‌ಲಿಫ್ಟ್ ಹಿಂದಕ್ಕೆ ಬಂತು. ಸ್ನಾಯು ಸುಧಾರಿಸಿಕೊಳ್ಳುವುದು ನಿದ್ದೆಯಲ್ಲಿ, ಅದನ್ನು ಕೊಟ್ಟು ಒಂದು ರೆಪ್ ಕೊಂಡುಕೊಂಡರೆ ನಷ್ಟ ನಮಗೇ. ಮಧ್ಯಾಹ್ನ ಎರಡರ ಮೇಲೆ ನಾನು ಈಗ ಕಾಫಿ ಮುಟ್ಟುವುದಿಲ್ಲ. ಸಂಜೆ ಹೋಗುವ ದಿನ ಒಂದು ಬಾಳೆಹಣ್ಣು, ಒಂದು ಚೂರು ಮಂಡ್ಯ ಬೆಲ್ಲ, ನೀರು.

ಮುದ್ದೆ, ಸೊಪ್ಪಿನ ಸಾರು ಉಂಡು ತಕ್ಷಣ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಬದಲಿಸಿ. ಸೊಪ್ಪು, ಕಾಳಿನ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಕಾಫಿ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ಆ ತೊಂದರೆ ಇಲ್ಲ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ಖಂಡಿತ ಪಾಲಿಸಬೇಕು.

ಬಿಪಿ ಇರುವವರು, ಎದೆಬಡಿತದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಯಾವ ಲೆಕ್ಕವನ್ನೂ ಹಿಡಿಯಬೇಡಿ. ಬಸುರಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಮಿತಿ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಕೆಫೀನ್ ತುಂಬಾ ಹೊತ್ತು ಉಳಿಯುತ್ತದೆ. ಕಾಲೇಜು ಹುಡುಗರು ಪ್ರಿ-ವರ್ಕೌಟ್ ಪುಡಿಯನ್ನು ನೀರಿಲ್ಲದೆ ಬಾಯಿಗೆ ಸುರಿದುಕೊಳ್ಳುತ್ತಾರೆ, ದಯವಿಟ್ಟು ಬಿಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕೆಫೀನ್ ಒಮ್ಮೆಲೇ ಏರುತ್ತದೆ. ಬಿಡಿಯಾಗಿ ಮಾರುವ ಶುದ್ಧ ಕೆಫೀನ್ ಪುಡಿಯಂತೂ ಮನೆಗೇ ತರಬೇಡಿ. ಅದರ ಒಂದು ಚಮಚದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಲೋಟ ಕಾಫಿಯಷ್ಟು ಕೆಫೀನ್ ಇರುತ್ತದೆ, ಅಳತೆ ತಪ್ಪಿದರೆ ಜೀವಕ್ಕೇ ಅಪಾಯ.