ಗುರುತಿನ ಪ್ರಮಾಣಪತ್ರದಿಂದ ಜನನ ಪ್ರಮಾಣಪತ್ರದವರೆಗೆ: ದಾಖಲೆಗಳಲ್ಲಿ ಹೆಸರು ಮತ್ತು ಲಿಂಗ ಬದಲಾಯಿಸುವ ಕ್ರಮ

ದಾಖಲೆಗಳಲ್ಲಿ ಹೆಸರು ಮತ್ತು ಲಿಂಗವನ್ನು ಬದಲಾಯಿಸಿಕೊಳ್ಳಲು ಹೊರಟ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಒಂದು ದಾಖಲೆಗೂ ಇನ್ನೊಂದಕ್ಕೂ ತಾಳೆಯಾಗದೆ ಹೋದಾಗ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಮತ್ತೊಂದು ಹೆಸರು ಇದ್ದರೆ, ಹೋದ ಪ್ರತಿ ಕಚೇರಿಯಲ್ಲೂ ಅಪರಿಚಿತರ ಮುಂದೆ ತಮ್ಮ ಬದುಕನ್ನೇ ವಿವರಿಸುತ್ತಾ ನಿಲ್ಲಬೇಕಾಗುತ್ತದೆ. ಆದ್ದರಿಂದ ಮೊದಲ ಅರ್ಜಿ ಬರೆಯುವ ಮೊದಲೇ ಹೊಸ ಹೆಸರಿನ ಕಾಗುಣಿತವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಿಶ್ಚಯಿಸಿ, ಇನಿಷಿಯಲ್ ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದನ್ನೂ ಸೇರಿಸಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ತುಂಬುವ ಪ್ರತಿಯೊಂದು ನಮೂನೆಯಲ್ಲೂ ಅದೇ ರೂಪ ಇರಲಿ.

ಎಲ್ಲಕ್ಕೂ ಬುನಾದಿಯಾಗುವುದು ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿ, ನೀಡುವ ಗುರುತಿನ ಪ್ರಮಾಣಪತ್ರ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಅನಂತರ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ಮತ್ತು 2020ರ ನಿಯಮಗಳು ಪ್ರಮಾಣಪತ್ರ ಪಡೆಯುವ ವಿಧಾನವನ್ನು ರೂಪಿಸಿದವು. 2020ರ ನಿಯಮಗಳು ನಿಗದಿಪಡಿಸಿದ ಕ್ರಮದಲ್ಲಿ ಅರ್ಜಿ, ಅಫಿಡವಿಟ್ ಮತ್ತು ಆ ಜಿಲ್ಲೆಯಲ್ಲಿ ಸತತ 12 ತಿಂಗಳು ವಾಸವಿರುವುದು ಮುಖ್ಯವಾಗಿದ್ದವು, ಮತ್ತು ಕೇಂದ್ರ ಸರ್ಕಾರದ ರಾಷ್ಟ್ರೀಯ ಪೋರ್ಟಲ್ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸುವ ಅವಕಾಶವಿತ್ತು. ಕಾಯ್ದೆಯ 6ನೇ ಕಲಮಿನಡಿ ಸಿಗುವ ಪ್ರಮಾಣಪತ್ರದಲ್ಲಿ ಟ್ರಾನ್ಸ್‌ಜೆಂಡರ್ ಎಂದೇ ನಮೂದಾಗಿರುತ್ತದೆ. ಹೆಣ್ಣು ಅಥವಾ ಗಂಡು ಎಂದು ನಮೂದಾಗಬೇಕಿದ್ದರೆ 7ನೇ ಕಲಮಿನಡಿ ವೈದ್ಯಕೀಯ ಪತ್ರದೊಂದಿಗೆ ಪರಿಷ್ಕೃತ ಪ್ರಮಾಣಪತ್ರಕ್ಕೆ ಮತ್ತೊಮ್ಮೆ ಅರ್ಜಿ ಹಾಕಬೇಕು. ಈ ಘಟ್ಟದ ಷರತ್ತುಗಳು ತಿದ್ದುಪಡಿಗೆ ಒಳಗಾಗುವಂಥವಾದ್ದರಿಂದ, ಅರ್ಜಿ ಹಾಕುವ ವಾರದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಜಾರಿಯಲ್ಲಿರುವ ನಿಯಮವನ್ನು ಕೇಳಿ ಖಚಿತಪಡಿಸಿಕೊಳ್ಳಿ. ಈ ಪ್ರಾಧಿಕಾರ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 15100 ಸಂಖ್ಯೆಗೆ ಕರೆ ಮಾಡಿಯೂ ಕಾನೂನು ಸಲಹೆ ಪಡೆಯಬಹುದು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಮೊದಲು ಆಧಾರ್ ಸರಿಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಉಳಿದ ಬಹುತೇಕ ಕಚೇರಿಗಳು ಅದನ್ನೇ ಮೊದಲು ಕೇಳುತ್ತವೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಲಿಂಗವನ್ನು ಒಂದೇ ಸಲ ಬದಲಾಯಿಸಲು ಸಾಮಾನ್ಯ ಅವಕಾಶವಿದೆ. ಹಾಗಾಗಿ ಪರಿಷ್ಕೃತ ಪ್ರಮಾಣಪತ್ರ ಪಡೆಯುವ ಉದ್ದೇಶವಿರುವವರು, ತುರ್ತು ಇಲ್ಲದಿದ್ದರೆ, ಆ ಒಂದು ಅವಕಾಶವನ್ನು ಅಲ್ಲಿಯವರೆಗೆ ಉಳಿಸಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಎರಡನೆಯದು ಪ್ಯಾನ್. ಅದರ ಅರ್ಜಿಯಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಆಯ್ಕೆ ಬಂದದ್ದು 2018ರಲ್ಲಿ. ಜಿಲ್ಲಾ ದಂಡಾಧಿಕಾರಿಯ ಪ್ರಮಾಣಪತ್ರವನ್ನು ಪ್ಯಾನ್‌ಗೆ ದಾಖಲೆಯಾಗಿ ಒಪ್ಪಿಕೊಳ್ಳುವುದಾಗಿ ಕೇಂದ್ರ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಆಧಾರ್ ಮತ್ತು ಪ್ಯಾನ್ ಒಂದೇ ರೂಪದಲ್ಲಿದ್ದರೆ ಬ್ಯಾಂಕಿನ ಕೆಲಸ ಸುಲಭ. ಮತದಾರರ ಪಟ್ಟಿಗೆ ನಮೂನೆ 8 ಸಾಕು. ಪಾಸ್‌ಪೋರ್ಟಿನಲ್ಲಿ ತಿದ್ದುಪಡಿ ಎಂಬುದಿಲ್ಲ, ಮರುವಿತರಣೆಗೇ ಅರ್ಜಿ ಹಾಕಬೇಕು.

ಜನನ ಪ್ರಮಾಣಪತ್ರದ ವಿಷಯದಲ್ಲಿ ಕರ್ನಾಟಕದವರು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ಜನನ ಮತ್ತು ಮರಣ ನೋಂದಣಿಯ 1969ರ ಕಾಯ್ದೆಯ 15ನೇ ಕಲಮು ತಪ್ಪಾಗಿ ಅಥವಾ ಮೋಸದಿಂದ ಆದ ನಮೂದನ್ನಷ್ಟೇ ತಿದ್ದಲು ಬಿಡುತ್ತದೆ. ಹುಟ್ಟಿದಾಗ ಬರೆದದ್ದು ಆಗಿನ ಮಟ್ಟಿಗೆ ತಪ್ಪಾಗಿರಲಿಲ್ಲ ಎಂಬ ಕಾರಣ ನೀಡಿ ನೋಂದಣಾಧಿಕಾರಿಗಳು ಅರ್ಜಿಯನ್ನು ತಿರಸ್ಕರಿಸುತ್ತಿದ್ದರು. ಮಂಗಳೂರಿನ ಅಂಥದೊಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು 2024ರ ಡಿಸೆಂಬರ್‌ನಲ್ಲಿ, 2019ರ ಕಾಯ್ದೆಯಡಿ ಪಡೆದ ಪ್ರಮಾಣಪತ್ರವನ್ನು ತೋರಿಸಿದಾಗ ನೋಂದಣಾಧಿಕಾರಿ ಪರಿಷ್ಕೃತ ಜನನ ಪ್ರಮಾಣಪತ್ರ ನೀಡಬೇಕೆಂದೂ, 1969ರ ಕಾಯ್ದೆ ತಿದ್ದುಪಡಿಯಾಗುವವರೆಗೆ ಅದರಲ್ಲಿ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡೂ ಇರಬೇಕೆಂದೂ ಆದೇಶಿಸಿದರು. ಈ ಆದೇಶದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಹಳೆಯ ಹೆಸರು ಅದೇ ಕಾಗದದ ಮೇಲೆ ಉಳಿಯುವುದು ನೋವಿನ ಸಂಗತಿ, ಖಾಸಗಿತನಕ್ಕೂ ಒಳ್ಳೆಯದಲ್ಲ. ಆದ್ದರಿಂದ ಬೇರೊಂದು ಗುರುತಿನ ಚೀಟಿ ಸಾಕಾಗುವ ಕಡೆ ಜನನ ಪ್ರಮಾಣಪತ್ರವನ್ನು ಹೊರತೆಗೆಯದಿರುವುದೇ ಲೇಸು.

ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಗೆ ಸಂಬಂಧಿಸಿದವು. ಇಲ್ಲಿ ಓದಿದ ಶಾಲೆ ಅಥವಾ ಕಾಲೇಜಿನ ಮುಖ್ಯಸ್ಥರ ಸಹಕಾರ ಬೇಕಾಗುತ್ತದೆ. ಹಳೆಯ ಶಾಲೆಯ ಮೆಟ್ಟಿಲು ಹತ್ತುವುದು ಕೆಲವರಿಗೆ ಬಹಳ ಕಷ್ಟ. ಒಬ್ಬರೇ ಹೋಗದೆ, ನಂಬಿಕೆಯ ಗೆಳೆಯರನ್ನೋ ಸಮುದಾಯದ ಹಿರಿಯರನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಯಾವ ಕಚೇರಿಯಾದರೂ ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಒಯ್ದು, ಒಂದರ ಮೇಲೆ ಮೊಹರು ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ದಾಖಲೆ ನೀಡುವ ಪ್ರಾಧಿಕಾರ ಅರ್ಜಿ ಬಂದ 15 ದಿನಗಳೊಳಗೆ ಬದಲಾವಣೆ ಮಾಡಬೇಕೆಂದು 2020ರ ನಿಯಮಗಳು ಹೇಳುತ್ತವೆ. ಆ ಲೆಕ್ಕ ಶುರುವಾಗುವುದು ಸ್ವೀಕೃತಿಯ ದಿನಾಂಕದಿಂದ. ಆಗುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ, ಕಾರಣಸಹಿತ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ ಎಂದು ಲಿಖಿತವಾಗಿ ಕೇಳಿ. ಮೇಲ್ಮನವಿಗಾಗಲಿ ರಿಟ್ ಅರ್ಜಿಗಾಗಲಿ ಆ ಹಿಂಬರಹವೇ ಆಧಾರ. ಹೊಸ ದಾಖಲೆಗಳು ಬಂದ ಮೇಲೂ ಹಳೆಯವುಗಳ ಪ್ರತಿಗಳನ್ನು, ಜಿಲ್ಲಾ ದಂಡಾಧಿಕಾರಿಯ ಪ್ರಮಾಣಪತ್ರದೊಂದಿಗೆ, ಬೇರೆ ಕಡತದಲ್ಲಿ ಜೋಪಾನವಾಗಿಡಿ: ಪಿತ್ರಾರ್ಜಿತ ಆಸ್ತಿಯ ಖಾತೆ ಬದಲಾವಣೆ ಮತ್ತು ಭವಿಷ್ಯ ನಿಧಿಯ ಹಣಕ್ಕಾಗಿ ಹತ್ತಾರು ವರ್ಷಗಳ ನಂತರವೂ ಅವು ಬೇಕಾಗಬಹುದು.