ಅಪ್ಪ ಬರೆದಿಟ್ಟ ಕಟ್ಟೆಯ ಮಟ್ಟ

‘ಕಟ್ಟೆ 89. ಒಟ್ಲು ಬೇಡ.’

ಅಪ್ಪನ ಲೆಕ್ಕದ ಪುಸ್ತಕದಲ್ಲಿ ಒಂದು ದಿನಕ್ಕೆ ಇಷ್ಟೇ ಬರಹ. ಕನ್ನಂಬಾಡಿ ಕಟ್ಟೆಯಲ್ಲಿ, ಅಂದರೆ ಕಾವೇರಿಯ ಕೆಆರ್‌ಎಸ್ ಜಲಾಶಯದಲ್ಲಿ, 89 ಅಡಿ ನೀರಿದೆ, ಭತ್ತದ ಸಸಿಮಡಿ ಮಾಡುವುದು ಬೇಡ ಎಂದು ಅರ್ಥ. ನಮ್ಮ ಜಮೀನು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಮೇಲಿನವರ ಗದ್ದೆಗಳು ತುಂಬಿ ಮಿಕ್ಕಿದ್ದು ನಮಗೆ. ಹಾಗಾಗಿ ಅಪ್ಪ ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಪಕ್ಕದ ಹೋಟೆಲಿನಲ್ಲಿ ಪತ್ರಿಕೆ ನೋಡಿ, ಮನೆಗೆ ಬಂದೊಡನೆ ಕಟ್ಟೆಯ ಮಟ್ಟ ಬರೆಯುತ್ತಿದ್ದರು. ಯುಗಾದಿಗೆ ಹೊಸ ಪುಸ್ತಕ. 1994ರಿಂದ 2019ರವರೆಗೆ, ಅವರು ತೀರಿಕೊಳ್ಳುವವರೆಗೆ, ಒಟ್ಟು 25 ಪುಸ್ತಕಗಳು.

ನಾನು ಮಂಡ್ಯದಲ್ಲಿ ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದೇನೆ. ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು ನನಗೆ ಹೊಸದಲ್ಲ. ಆದರೂ ಈ ಪುಸ್ತಕಗಳು ಒಂದು ಇಡೀ ಚಳಿಗಾಲ ತೆಗೆದುಕೊಂಡವು. ಅಪ್ಪನ 1 ಮತ್ತು 7 ಒಂದೇ ತರಹ. ಎಷ್ಟೋ ಕಡೆ ಎಣ್ಣೆ ಸೋಕಿ ಅಂಕಿ ಹರಡಿದೆ. ಏರಿಸಿದ್ದನ್ನು ಮೊದಲ ಸಲ ಗೆರೆಯಾಗಿ ಎಳೆದಾಗ ಗ್ರಾಫಿನ ತುಂಬ ಮುಳ್ಳುಗಳು. ಇಂದು 112 ಅಡಿ, ನಾಳೆ 11, ನಾಡಿದ್ದು ಮತ್ತೆ 112. ಅಷ್ಟು ನೀರು ಒಂದೇ ರಾತ್ರಿಯಲ್ಲಿ ಇಳಿದು ಮರುದಿನ ತುಂಬಲು ಸಾಧ್ಯವಿಲ್ಲ. ಬೆರಳು ತಪ್ಪಿದ ಜಾಗಗಳವು. ಕೋಷ್ಟಕದಲ್ಲಿ ಹತ್ತು ಸಲ ಕಣ್ಣಾಡಿಸಿದರೂ ಸಿಗದ ತಪ್ಪುಗಳನ್ನು ಚಿತ್ರ ಒಂದೇ ನೋಟದಲ್ಲಿ ಹಿಡಿದುಕೊಟ್ಟಿತು. ಅಂದಿನಿಂದ ಕಚೇರಿಯ ಲೆಕ್ಕಗಳನ್ನೂ ಒಮ್ಮೆ ಗೆರೆ ಎಳೆದು ನೋಡದೆ ನಾನು ಒಪ್ಪಿಸುವುದಿಲ್ಲ.

ಮುಳ್ಳುಗಳನ್ನು ತೆಗೆದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಪ್ರತಿ ವರ್ಷದ ಗೆರೆಯನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಎಳೆದು ಒಂದರ ಮೇಲೊಂದು ಇಟ್ಟಿದ್ದೆ. ನೀರು ಏರುವುದು ಒಂದು ವರ್ಷದ ಗೆರೆಯಲ್ಲಿ, ಅದೇ ನೀರು ಬೇಸಿಗೆಯಲ್ಲಿ ಕರಗುವುದು ಮುಂದಿನ ವರ್ಷದ ಗೆರೆಯಲ್ಲಿ. ಒಂದೇ ಬೆಳೆಯ ಕಥೆ ನಡುವೆ ತುಂಡಾಗಿತ್ತು. ಕಾವೇರಿಯ ನೀರಿನ ಲೆಕ್ಕದಲ್ಲಿ ವರ್ಷ ಎಂದರೆ ಜೂನ್ 1ರಿಂದ ಮೇ 31. ಮುಂಗಾರು ಕೊಡಗನ್ನು ಮುಟ್ಟಿದ ಮೇಲೆ ಕಟ್ಟೆ ಏರಬೇಕು, ಬೇಸಿಗೆ ಮುಗಿಯುವಷ್ಟರಲ್ಲಿ ತಳ ಕಾಣಬೇಕು. ಜೂನಿನಿಂದ ಎಳೆದೊಡನೆ ಪ್ರತಿ ಗೆರೆಯೂ ಒಂದು ಗುಡ್ಡದ ಆಕಾರ ಪಡೆಯಿತು. ಯಾವ ವರ್ಷ ಗುಡ್ಡ, ಯಾವ ವರ್ಷ ಬರೀ ದಿಬ್ಬ ಎನ್ನುವುದು ತಾನಾಗಿ ಕಂಡಿತು.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. 25 ವರ್ಷಕ್ಕೆ 25 ಬಣ್ಣ ಕೊಟ್ಟರೆ ಗೋಜಲೇ ಹೊರತು ಗ್ರಾಫ್ ಅಲ್ಲ. ಎಲ್ಲವನ್ನೂ ತಿಳಿ ಬೂದು ಮಾಡಿ, 2002, 2003 ಮತ್ತು 2016ರ ಬರದ ವರ್ಷಗಳನ್ನು ಇಟ್ಟಿಗೆ ಕೆಂಪಿನಲ್ಲಿ, ಜುಲೈಯಲ್ಲೇ ಕಟ್ಟೆ ತುಂಬಿದ 2018ನ್ನು ನೀಲಿಯಲ್ಲಿ ಎಳೆದೆ. ವರ್ಷದ ಹೆಸರನ್ನು ಮೂಲೆಯ ಪಟ್ಟಿಯಲ್ಲಿ ಇಡದೆ ಗೆರೆಯ ತುದಿಯಲ್ಲೇ ಬರೆದೆ.

ನನ್ನನ್ನು ಬಹಳ ದಿನ ಕಾಡಿದ್ದು ಅಡಿಯ ಲೆಕ್ಕ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. 100 ಅಡಿ ನೀರಿದೆ ಎಂದರೆ ನೂರಕ್ಕೆ ಎಂಬತ್ತು ಪಾಲು ತುಂಬಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನ್ನ ಗೆರೆಯೂ ಅದನ್ನೇ ಹೇಳುತ್ತಿತ್ತು. ಅದು ಸುಳ್ಳು. ಜಲಾಶಯ ಬಾಣಲೆಯ ಹಾಗೆ, ತಳ ಕಿರಿದು, ಬಾಯಿ ಅಗಲ. ಪೂರ್ತಿ ತುಂಬಿದಾಗ ಇರುವುದು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), 100 ಅಡಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಮೇಲಿನ ಹತ್ತು ಅಡಿಯಲ್ಲೇ ಹತ್ತು ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ. ಕೊನೆ ಭಾಗದ ರೈತನ ಭತ್ತ ನಿಂತಿರುವುದೇ ಆ ಮೇಲಿನ ನೀರಿನ ಮೇಲೆ. ಅಪ್ಪನಿಗೆ ಇದು ಗೊತ್ತಿತ್ತು. ‘ನೂರು ದಾಟಿತು’ ಎಂದು ಊರೆಲ್ಲ ಹಿಗ್ಗುವಾಗ ಅವರು ‘ಇನ್ನೂ ಏನೂ ಬಂದಿಲ್ಲ’ ಎನ್ನುತ್ತಿದ್ದರು. ಚಿಕ್ಕವನಾಗಿದ್ದಾಗ ಅದನ್ನು ಅವರ ಸ್ವಭಾವ ಎಂದುಕೊಂಡಿದ್ದೆ.

ಅಡಿಯನ್ನು ಬಿಟ್ಟು ಎಲ್ಲವನ್ನೂ ಟಿಎಂಸಿಗೆ ಬದಲಿಸಬಹುದಿತ್ತು. ಆದರೆ ನಮ್ಮ ಕಡೆ ಯಾರೂ ಟಿಎಂಸಿಯಲ್ಲಿ ಮಾತನಾಡುವುದಿಲ್ಲ, ‘ಕಟ್ಟೆ ಎಷ್ಟು’ ಎಂದರೆ ಉತ್ತರ ಅಡಿಯಲ್ಲೇ ಬರಬೇಕು. ಪತ್ರಿಕೆಗಳಲ್ಲಿ ಮಟ್ಟ ಮತ್ತು ಸಂಗ್ರಹ ಎರಡನ್ನೂ ಒಟ್ಟಿಗೆ ಕೊಡುವುದುಂಟು. ಅಂಥ ಜೋಡಿಗಳನ್ನು ಹಳೆಯ ಸಂಚಿಕೆಗಳಿಂದ ಕಲೆಹಾಕಿ, ಯಾವ ಅಡಿಗೆ ಎಷ್ಟು ನೀರು ಎಂಬುದನ್ನು ಗುರುತಿಸಿಕೊಂಡೆ. ಗ್ರಾಫಿನ ಎಡಗಡೆ ಅಡಿ, ಸಮ ಅಂತರದಲ್ಲಿ. ಬಲಗಡೆ 10, 20, 30, 40 ಟಿಎಂಸಿ, ಅವು ಬೀಳುವ ಎತ್ತರದಲ್ಲೇ. ಬಲಗಡೆಯ ಗುರುತುಗಳು ಮೇಲೆ ಹೋದಂತೆ ಒತ್ತೊತ್ತಾಗುತ್ತವೆ. ಆ ಒತ್ತಾದ ಗುರುತುಗಳನ್ನು ನೋಡಿದವರಿಗೆ ಮೇಲಿನ ಒಂದೊಂದು ಅಡಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ.

ಕನ್ನಡ ಅಕ್ಷರವೂ ಸಾಕಷ್ಟು ದುಡಿಸಿತು. ಒಂದು ತಂತ್ರಾಂಶದಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಒಡೆದು ನಿಂತವು, ‘ಕಟ್ಟೆ’ ಎಂಬ ಪದವೇ ಓದಲು ಬರಲಿಲ್ಲ. ಕೊನೆಗೆ ಗೆರೆಗಳನ್ನಷ್ಟೇ ಅಲ್ಲಿ ಎಳೆದು, ಅಕ್ಷರಗಳನ್ನು ಚಿತ್ರ ಬಿಡಿಸುವ ಬೇರೆ ತಂತ್ರಾಂಶದಲ್ಲಿ ಜೋಡಿಸಿದೆ. ಒತ್ತುಗಳಿಗೆ ಜಾಗ ಬೇಕಾದ್ದರಿಂದ ಸಾಲಿನ ಅಂತರ ಹೆಚ್ಚಿಸಿದೆ. ಬದಿಯಲ್ಲಿ ಅಡ್ಡ ಮಲಗಿಸಿದ ಕನ್ನಡವನ್ನು ಕತ್ತು ತಿರುಗಿಸದೆ ಓದಲಾಗದು. ‘ಅಡಿ’ ಎಂಬುದನ್ನು ನೇರವಾಗಿ ಮೇಲ್ತುದಿಯಲ್ಲಿ ಬರೆದೆ.

ಅಳಿಸಿಹೋದ, ಅನುಮಾನದ ಅಂಕಿಗಳಿಗೆ ದಾರಿ ತೋರಿಸಿದವರು ಜೋಸೆಫ್ ಪ್ರೀಸ್ಟ್ಲಿ. ಆಮ್ಲಜನಕದ ಸಂಶೋಧನೆಗೆ ಹೆಸರಾದ ಅವರೇ. 1765ರಲ್ಲಿ ಅವರು ಸುಮಾರು ಎರಡು ಸಾವಿರ ಪ್ರಸಿದ್ಧರ ಬದುಕನ್ನು ಒಂದೇ ಹಾಳೆಯಲ್ಲಿ ತೋರಿಸಿದ್ದರು, ಒಬ್ಬೊಬ್ಬರಿಗೆ ಒಂದೊಂದು ಅಡ್ಡಗೆರೆ, ಹುಟ್ಟಿನಿಂದ ಸಾವಿನವರೆಗೆ. ದಿನಾಂಕ ಖಚಿತವಿಲ್ಲದ ಕಡೆ ಗೆರೆಯ ಬದಲು ಚುಕ್ಕಿ. ನಾನೂ ಹಾಗೆಯೇ ಮಾಡಿದೆ: ಓದಲು ಬರುವ ಅಂಕಿಗೆ ಗೆರೆ, ಅನುಮಾನವಿರುವ ಕಡೆ ಚುಕ್ಕಿ, ಅಪ್ಪ ಬರೆಯದ ದಿನ ಖಾಲಿ. ತಂತ್ರಾಂಶವನ್ನು ಅದರ ಪಾಡಿಗೆ ಬಿಟ್ಟರೆ ಖಾಲಿ ಜಾಗದ ಎರಡು ತುದಿಗಳನ್ನು ನೇರ ಗೆರೆಯಿಂದ ಜೋಡಿಸಿಬಿಡುತ್ತದೆ. ಯಾರೂ ಬರೆಯದಿದ್ದ ದಿನಗಳಲ್ಲೂ ಅಂಕಿ ಇದ್ದಂತೆ ಕಾಣುತ್ತದೆ. ಹಾಗೆ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ.

ದೊಡ್ಡ ಹಾಳೆಯಲ್ಲಿ ಮುದ್ರಿಸಿ ಊರಿಗೆ ಒಯ್ದು ಮಂಚದ ಮೇಲೆ ಹರಡಿದೆ. ಗ್ರಾಫ್ ಎಂದರೇನೆಂದು ಅವ್ವನಿಗೆ ಯಾರೂ ಕಲಿಸಿಲ್ಲ. ಗುಡ್ಡ ಎಂದರೆ ನೀರು ಎಂದಷ್ಟೇ ಹೇಳಿದೆ. ಕೆಂಪು ಗೆರೆಯ ಮೇಲೆ ಬೆರಳಿಟ್ಟು, “ಇದು ನಿನ್ನ ಅಕ್ಕನ ಮದುವೆ ಮುಂದಕ್ಕೆ ಹೋದ ವರ್ಷ ಅಲ್ಲವೇ?” ಎಂದರು. ಹೌದು, 2003. ಅದನ್ನು ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡೆ. ಕೊಳವೆಬಾವಿ ಕೊರೆಸಿದ್ದು, ಎತ್ತು ಮಾರಿದ್ದು, ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನಾಲೆಗೆ ನೀರು ಬಿಟ್ಟಾಗ ಅಪ್ಪ ರಾತ್ರಿಯಿಡೀ ತೂಬಿನ ಬಳಿ ಕಾದದ್ದು, ಒಂದೊಂದೇ ಗೆರೆಗೆ ಬಂದು ಸೇರಿದವು.

ಆಮೇಲೆ ಅವರ ಬೆರಳು ಒಂದು ಸೆಪ್ಟೆಂಬರಿನ 19 ದಿನಗಳ ಖಾಲಿ ಜಾಗದಲ್ಲಿ ನಿಂತಿತು. ಅಪ್ಪ ಮೈಸೂರಿನ ಆಸ್ಪತ್ರೆಯಲ್ಲಿದ್ದ ದಿನಗಳವು. “ಅಲ್ಲಿಯೂ ದಿನಾ ಕೇಳುತ್ತಿದ್ದರು. ನಾನೇ ಪತ್ರಿಕೆ ತರಿಸಿ ಓದಿ ಹೇಳುತ್ತಿದ್ದೆ. ಇದನ್ನು ಯಾಕೆ ಖಾಲಿ ಬಿಟ್ಟಿದ್ದೀಯಾ?” ಎಂದು ಅವ್ವ ಕೇಳಿದರು.

ಮರುವಾರ ಗ್ರಂಥಾಲಯದಲ್ಲಿ ಆ ತಿಂಗಳ ಪತ್ರಿಕೆಗಳನ್ನು ತೆಗೆಸಿ 19 ಅಂಕಿಗಳನ್ನು ಬರೆದುಕೊಂಡು ಬಂದೆ. ಅವುಗಳನ್ನು ಅಪ್ಪನ ಗೆರೆಗೆ ಸೇರಿಸಲಿಲ್ಲ. ಒಂದೊಂದು ದಿನಕ್ಕೆ ಒಂದೊಂದು ಟೊಳ್ಳು ಸೊನ್ನೆ ಇಟ್ಟು, ಪಕ್ಕದಲ್ಲಿ ಸಣ್ಣಗೆ ‘ಅವ್ವ ಓದಿದ್ದು’ ಎಂದು ಬರೆದೆ.